ಮೇಷ್ಟ್ರ ಫ್ರಿಜ್ಜು ಮತ್ತು ಮನುಷ್ಯಕುಲದ ಭವಿಷ್ಯ

ಪಾಣಿಪತ್ ಎಂಬ ಊರಿನ ಮೇಲೆ ನಮ್ಮ ಪಕ್ಕದ ಮನೆ ಮೇಷ್ಟ್ರಿಗೆ ಖಾಸಾ ಸಿಟ್ಟು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಬೆಳಿಗ್ಗೆ ಪೇಪರು ಓದಿ ಮುಗಿಸಿದ್ದೇ ಕಾಂಪೌಂಡಿನ ಹತ್ತಿರ ಬಂದು ನಿಲ್ಲುತ್ತಾರೆ. ಈ ಕಡೆ ನಾನು ಕರಿಬೇವಿನ ಗಿಡದ ಬಳಿ ಕೈಗೆ ಸಿಕ್ಕಿದೆನೋ, ಮುಗಿಯಿತು.

"1526, 1556, 1761. ಒಂದೇ ಊರು ಕಣಮ್ಮಾ, ಒಂದೇ ಬಯಲು! ಮೂರು ಸಲವೂ ದೆಹಲಿ ಯಾರ ಕೈಯಲ್ಲಿತ್ತೋ ಅವರೇ ಮಣ್ಣು ಮುಕ್ಕಿದರು. ಮೊದಲು ಲೋದಿ, ಆಮೇಲೆ ಹೇಮು, ಕೊನೆಗೆ ಮರಾಠರು. ಜಾಗನಾದರೂ ಬದಲಾಯಿಸಬಾರದಿತ್ತಾ?"

ಪೇಪರಿನಲ್ಲಿ ಗಡಿ ಜಗಳದ ಸುದ್ದಿಯಿದ್ದರೆ ಪಾಣಿಪತ್, ಷೇರುಪೇಟೆ ಬಿದ್ದಿದ್ದರೆ 1929. ದೊಡ್ಡ ಯುದ್ಧವೇ ಹತ್ತಿಕೊಂಡಿದ್ದರೆ ಯುರೋಪಿಗೆ ಹೋಗುತ್ತಾರೆ. "ಇದೇ ಕೊನೇ ಯುದ್ಧ, ಇನ್ನು ಮುಂದೆ ಯುದ್ಧವೇ ಇಲ್ಲ ಅಂತ ಹೇಳಿಕೊಂಡು 1914ರಲ್ಲಿ ಬಡಿದಾಡಿದರು. 1918ಕ್ಕೆ ಮುಗೀತು, 1939ಕ್ಕೆ ಮತ್ತೆ ಶುರು. ಮೊದಲನೇದರಲ್ಲಿ ಹುಟ್ಟಿದ ಮಗು ಎರಡನೇದಕ್ಕೆ ಸರಿಯಾಗಿ ಮೀಸೆ ಬಂದು ತಯಾರಾಗಿತ್ತು. ಉದ್ಧಾರ ಆಗೋ ಪ್ರಾಣಿನೇ ಅಲ್ಲ ಬಿಡಮ್ಮ, ಈ ಮನುಷ್ಯ."

ಮೇಷ್ಟ್ರ ಜೊತೆ ವಾದ ಮಾಡುವುದು ಕಷ್ಟ. ಇಸವಿಗಳೆಲ್ಲ ಅವರ ಪಕ್ಷದಲ್ಲೇ ಇವೆ. ನಾನು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟವಳು, ನನ್ನ ಹತ್ತಿರ ಇರುವುದು ಬರೀ ಆಮ್ಲ, ಕ್ಷಾರ. ಆದರೆ ಮೊನ್ನೆ ಅವರ ಮನೆ ಫ್ರಿಜ್ಜು ಕೈಕೊಟ್ಟಿತು ನೋಡಿ, ಇತಿಹಾಸ ನನ್ನ ಸಬ್ಜೆಕ್ಟಿನೊಳಕ್ಕೇ ಬಂದು ಬಿತ್ತು.

ರಿಪೇರಿಯವರು ಫ್ರಿಜ್ಜನ್ನು ಹಿತ್ತಲಿಗೇ ಎಳೆಸಿದರು. ಈ ಬೀದಿಯ ಫ್ರಿಜ್ಜುಗಳ ಹೊಟ್ಟೆಯನ್ನೆಲ್ಲ ಬಲ್ಲ ಹಳಬರು. ಹಿಂದುಗಡೆ ಕಂಪ್ರೆಸರಿನ ಮೇಲಿನ ಚೀಟಿಗೆ ಟಾರ್ಚು ಬಿಟ್ಟು, "600ಎ. ಸಾರ್, ಇಲ್ಲಿ ಯಾರೂ ಬೀಡಿ ಹಚ್ಚಬೇಡಿ. ಅಮ್ಮಾವ್ರೇ, ಒಲೆ ಆರಿಸಿಬಿಡಿ" ಎಂದರು. ಮೇಷ್ಟ್ರು ಬೆಚ್ಚಿದರು. 600ಎ ಅಂದರೆ ಐಸೋಬ್ಯುಟೇನ್, ಅಡುಗೆ ಗ್ಯಾಸಿನ ದಾಯಾದಿ ಎಂದು ನಾನು ಈ ಕಡೆಯಿಂದಲೇ ಹೇಳಿದೆ. "ಅಡುಗೆ ಗ್ಯಾಸನ್ನ ಫ್ರಿಜ್ಜಿಗೆ ತುಂಬಿದ್ದಾರಾ? ಬುದ್ಧಿ ಇದೆಯಾ ಇವರಿಗೆ?"

ರಿಪೇರಿಯವರು ನಕ್ಕರು. "ನಿಮ್ಮ ಹಳೇ 165 ಲೀಟರ್ ಫ್ರಿಜ್ಜಲ್ಲಿ 12 ಇತ್ತು ಸಾರ್. ಅದು ಬಲು ಸಾಧು ಗ್ಯಾಸು. ಉರಿಯೋದೂ ಇಲ್ಲ, ವಾಸನೆಯೂ ಇಲ್ಲ. ಲೀಕ್ ಹುಡುಕೋಕೆ ಒಂದು ದೀಪ ಇಟ್ಟುಕೊಳ್ತಿದ್ವಿ. ಅದರ ಟ್ಯೂಬನ್ನ ಪೈಪಿನುದ್ದಕ್ಕೂ ಹಿಡಕೊಂಡು ಹೋದರೆ ಲೀಕ್ ಇರೋ ಕಡೆ ಉರಿ ಹಸಿರಿಗೆ ತಿರುಗೋದು. 134 ಬಂತು, ಅದಕ್ಕೆ ದೀಪ ಹಸಿರೇ ಆಗಲಿಲ್ಲ. ಗುಜರಿಗೆ ಹಾಕಿದೆ. ಈಗ ಸೋಪಿನ ನೊರೆ."

ಇಡೀ ಶತಮಾನದ ಕಥೆ ಆ ದೀಪದೊಳಗೇ ಇದೆ. ಉರಿಯನ್ನು ಹಸಿರು ಮಾಡುತ್ತಿದ್ದದ್ದು ಕ್ಲೋರಿನ್. 12ರಲ್ಲಿ ಅದು ಇತ್ತು, 134ಎಯಲ್ಲಿ ಇಲ್ಲ. ಓಝೋನನ್ನು ತಿಂದದ್ದೂ ಅದೇ ಕ್ಲೋರಿನ್.

"ನೀವು ಹೇಳೋ ಹಾಗೆ ಮನುಷ್ಯ ಒಂದೇ ತಪ್ಪನ್ನ ಮತ್ತೆ ಮತ್ತೆ ಮಾಡಲ್ಲ ಮೇಷ್ಟ್ರೇ," ಅಂದೆ. "ಹಳೇ ತಪ್ಪು ತಿದ್ದೋಕೆ ಹೋಗಿ ಹೊಸಾ ತಪ್ಪು ಮಾಡ್ತಾನೆ. ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ." ಮೇಷ್ಟ್ರು ಸ್ಟೂಲು ತರಿಸಿಕೊಂಡು ಕುಳಿತರು. ವಾದ ಶುರುವಾಗುವ ಲಕ್ಷಣ ಅದು.

1920ರ ದಶಕದ ಫ್ರಿಜ್ಜುಗಳ ಹೊಟ್ಟೆಯಲ್ಲಿ ಇರುತ್ತಿದ್ದದ್ದು ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ರಾತ್ರಿ ಸೋರಿದರೆ ಬೆಳಿಗ್ಗೆಗೆ ಮನೆಮಂದಿಯೇ ಇಲ್ಲ. ಬರ್ಲಿನ್ನಿನಲ್ಲಿ ಒಂದು ಸಂಸಾರ ಹಾಗೆ ಸತ್ತ ಸುದ್ದಿ ಓದಿ ಸಂಕಟಪಟ್ಟ ಐನ್‌ಸ್ಟೈನ್, ಗೆಳೆಯ ಝಿಲಾರ್ಡ್ ಜೊತೆ ಸೇರಿ ಸೋರದ ಫ್ರಿಜ್ಜಿಗೆ ಪೇಟೆಂಟನ್ನೇ ಪಡೆದುಬಿಟ್ಟ. ಅದು ಅಂಗಡಿಗೆ ಬರಲಿಲ್ಲ ಅನ್ನಿ. ಅಂಗಡಿಗೆ ಬಂದದ್ದು ಅಮೆರಿಕದ ಥಾಮಸ್ ಮಿಜ್ಲಿ 1928ರಲ್ಲಿ ಹುಡುಕಿಕೊಟ್ಟ ಫ್ರಿಯಾನ್, ಅಂದರೆ ರಿಪೇರಿಯವರ ಸಾಧು ಗ್ಯಾಸು 12. ವಿಷವಲ್ಲ, ಉರಿಯುವುದಿಲ್ಲ ಎಂದು ತೋರಿಸಲು ವಿಜ್ಞಾನಿಗಳ ಸಭೆಯಲ್ಲಿ ಅದನ್ನೇ ಎದೆತುಂಬ ಎಳೆದುಕೊಂಡು ಮೇಣದಬತ್ತಿಯ ಮೇಲೆ ಊದಿ ಆರಿಸಿದ ಮಹಾನುಭಾವ. ಆ ಹೊತ್ತಿಗೆ ಅದು ತಪ್ಪೇನಾಗಿರಲಿಲ್ಲ. ಎಷ್ಟೋ ಜೀವ ಉಳಿಸಿತು. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವೂ ಇವನದೇ, 1921ರದ್ದು. ಅದಕ್ಕೆ ಮಾತ್ರ ಕ್ಷಮೆಯಿಲ್ಲ. ಸೀಸ ವಿಷವೆಂದು ಗೊತ್ತಿತ್ತು, ಸ್ವತಃ ಅವನಿಗೇ ಅದರ ಕಾಯಿಲೆ ಬಡಿದಿತ್ತು. ಕಡೆಗಾಲದಲ್ಲಿ ಪೋಲಿಯೋ ಆಗಿ, ಹಾಸಿಗೆಯಿಂದ ಏಳಲು ತಾನೇ ಮಾಡಿಕೊಂಡ ಹಗ್ಗ–ರಾಟೆಯ ಯಂತ್ರಕ್ಕೆ ಸಿಕ್ಕಿ 1944ರಲ್ಲಿ ಸತ್ತ.

"ಕರ್ಮ!" ಎಂದರು ಮೇಷ್ಟ್ರ ಮನೆಯವರು ಒಳಗಿನಿಂದ. ಒಲೆ ಆರಿಸಿ ಕುಳಿತಿದ್ದರಿಂದ ಅವರಿಗೂ ಬಿಡುವಿತ್ತು.

ಸೀಸದ ಪೆಟ್ರೋಲು ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ. ಭೂಮಿಯ ಮೇಲಿನ ಕೊನೆಯ ಬಂಕು ಅದನ್ನು ನಿಲ್ಲಿಸಿದ್ದು ಅಲ್ಜೀರಿಯಾದಲ್ಲಿ, 2021ರಲ್ಲಿ. ನೂರು ವರ್ಷ ಹಿಡಿಯಿತು. ಮೇಷ್ಟ್ರು ತಕ್ಷಣ ಹಿಡಿದುಕೊಂಡರು: "ನೂರು ವರ್ಷ! ಇದನ್ನ ನೀನು ಆಶಾವಾದ ಅಂತೀಯಾ?"

ಸೀಸದ ಕಥೆಯಲ್ಲಿ ಅವರು ಹೇಳಿದ್ದು ಸರಿ. ಫ್ರಿಯಾನಿನ ಕಥೆ ಹಾಗಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ರೋಲೆಂಡ್ ಮತ್ತು ಮೊಲಿನಾ ಬರೀ ಕಾಗದದ ಮೇಲೆ ಲೆಕ್ಕ ಹಾಕಿ, ಈ ಸಾಧು ಗ್ಯಾಸು ಕೆಳಗೆಲ್ಲೂ ಕರಗದೆ ಮೇಲಕ್ಕೆ ಹೋಗಿ ಬಿಸಿಲಿಗೆ ಒಡೆದು ಓಝೋನನ್ನು ತಿನ್ನುತ್ತದೆ ಎಂದರು. ಕಂಪನಿಗಳು ಗೇಲಿ ಮಾಡಿದವು. ಮರುವರ್ಷವೇ ವೀರಭದ್ರನ್ ರಾಮನಾಥನ್ ಇನ್ನೊಂದು ಲೆಕ್ಕ ತೆಗೆದರು: ಇದರ ಒಂದು ಅಣು ಕಾರ್ಬನ್ ಡೈಆಕ್ಸೈಡಿನ ಹತ್ತು ಸಾವಿರ ಅಣುಗಳಿಗಿಂತ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ.

ರಾಮನಾಥನ್ ಹೆಸರು ಬಂದಾಗ ನಾನು ಸ್ವಲ್ಪ ನಿಧಾನ ಮಾಡುತ್ತೇನೆ. ತಮಿಳಿನಲ್ಲಿ ಓದಿದ ಹುಡುಗ ಬೆಂಗಳೂರಿನ ಇಂಗ್ಲಿಷ್ ಶಾಲೆಗೆ ಬಂದು ಮೇಷ್ಟ್ರು ಹೇಳಿದ್ದು ತಲೆಗೆ ಹತ್ತದೆ, ಎಲ್ಲವನ್ನೂ ತಾನೇ ಯೋಚಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡವರು. ಎಂಜಿನಿಯರಿಂಗ್ ಮುಗಿಸಿ ಸೇರಿದ್ದು ಸಿಕಂದರಾಬಾದಿನ ಫ್ರಿಜ್ಜಿನ ಕಂಪನಿಯೊಂದಕ್ಕೆ. ಗ್ಯಾಸು ಯಾಕೆ ಸೋರುತ್ತದೆ ಎಂದು ಹುಡುಕುವುದೇ ಅಲ್ಲಿ ಅವರ ಕೆಲಸ. ಬೇಸತ್ತು ಬೆಂಗಳೂರಿನ ಇಂಡಿಯನ್ ಇನ್ಸ್‌ಟಿಟ್ಯೂಟ್ ಆಫ್ ಸೈನ್ಸಿಗೆ ಬಂದರು, ಅಲ್ಲಿಂದ ಅಮೆರಿಕ. ಹೋದಲ್ಲೂ ಸೋರಿದ ಆ ಗ್ಯಾಸೇ ಎದುರಾಗಬೇಕೆ!

"ಅಂದ್ರೆ ನಮ್ಮ ಲೈನಿನವರು" ಎಂದರು ರಿಪೇರಿಯವರು, ನೊರೆಯ ಬ್ರಷ್ಷನ್ನು ಕೆಳಗಿಡದೆ.

ಇನ್ನು ಅಂಟಾರ್ಕ್ಟಿಕ. ಹ್ಯಾಲಿ ಬೇ ಎಂಬ ಬ್ರಿಟಿಷ್ ಠಾಣೆಯಲ್ಲಿ 1957ರಿಂದ ಓಝೋನ್ ಅಳೆಯುತ್ತ ಕುಳಿತಿದ್ದರು. ವರ್ಷಗಟ್ಟಲೆ ಅದೇ ಅಂಕಿ, ಅದೇ ಹಿಮ. ಇದರಿಂದ ಏನು ಪ್ರಯೋಜನ ಎಂದು ಕೇಳುವವರು ಎಲ್ಲ ಸರ್ಕಾರಗಳಲ್ಲೂ ಇರುತ್ತಾರೆ, ಅಲ್ಲೂ ಇದ್ದರು. ಜೋಸೆಫ್ ಫಾರ್ಮನ್ ಮತ್ತವರ ಇಬ್ಬರು ಜೊತೆಗಾರರು ಬಿಡಲಿಲ್ಲ. 1985ರಲ್ಲಿ ಅವರು ಪ್ರಕಟಿಸಿದ್ದು ಇಷ್ಟು: ಅಲ್ಲಿನ ವಸಂತದಲ್ಲಿ, ಅಂದರೆ ಅಕ್ಟೋಬರಿನಲ್ಲಿ, ನೆತ್ತಿಯ ಮೇಲಿನ ಓಝೋನಿನಲ್ಲಿ ಮೂರನೇ ಒಂದು ಭಾಗ ಮಾಯವಾಗಿದೆ. ಅಮೆರಿಕದ ಉಪಗ್ರಹಕ್ಕೂ ಅದು ಕಂಡಿತ್ತು. ಇಷ್ಟು ಕಡಿಮೆ ಇರಲಾರದೆಂದು ಆ ಅಂಕಿಗಳಿಗೆ ಅನುಮಾನದ ಗುರುತು ಹಾಕಿ ಬದಿಗಿಟ್ಟಿದ್ದರು. ನನಗೆ ಭರವಸೆ ಬರುವುದು ಇಂಥ ಹಟಮಾರಿ ಗುಮಾಸ್ತಿಕೆಯಿಂದ. ಯಾರೂ ಕೇಳದಿದ್ದರೂ ದಿನಾ ಅಳೆದು ಬರೆದಿಡುವವನು ಒಬ್ಬ ಎಲ್ಲೋ ಇದ್ದೇ ಇರುತ್ತಾನೆ.

"ಅಳೆದದ್ದು ಸರಿ. ಕೇಳಿದವರು ಯಾರು?"

"ಕೇಳಿದರು ಮೇಷ್ಟ್ರೇ! 1987ರ ಸೆಪ್ಟೆಂಬರ್ 16ಕ್ಕೆ, ಈ ಗ್ಯಾಸಿಗೆ ಕಡಿವಾಣ ಹಾಕೋ ಮಾಂಟ್ರಿಯಲ್ ಒಪ್ಪಂದ. ಫಾರ್ಮನ್ ಹೇಳಿ ಎರಡೂವರೆ ವರ್ಷವೂ ಆಗಿರಲಿಲ್ಲ. ಅಂಟಾರ್ಕ್ಟಿಕದ ತೂತಿಗೆ ಈ ಗ್ಯಾಸೇ ಕಾರಣ ಅಂತ ಪೂರ್ತಿ ರುಜುವಾತಾಗೋಕೆ ಮುಂಚೆಯೇ ಸಹಿ ಬಿತ್ತು."

ಸಹಿ ಹಾಕಿದವರು ಋಷಿಗಳೇನಲ್ಲ, ಅದನ್ನೂ ಹೇಳಬೇಕು. ಆ ವರ್ಷ ಅಮೆರಿಕದ ಒಳಾಡಳಿತ ಕಾರ್ಯದರ್ಶಿ ಡೊನಾಲ್ಡ್ ಹೋಡೆಲ್, ಒಪ್ಪಂದಕ್ಕಿಂತ ಜನ ಟೋಪಿ, ಕಪ್ಪು ಕನ್ನಡಕ ಹಾಕಿಕೊಳ್ಳಲಿ ಎಂದರೆಂದು ಪತ್ರಿಕೆಗಳಲ್ಲಿ ಬಂದು ಊರೆಲ್ಲ ನಕ್ಕಿತು. ಮೀನಿಗೂ ಕನ್ನಡಕ ಹಾಕಿಸ್ತೀರಾ ಎಂದು ಕೇಳಿದವರಿದ್ದರು. ಅಧ್ಯಕ್ಷ ರೇಗನ್‌ಗೆ ಪರಿಸರ ಎಂದರೆ ಅಷ್ಟಕ್ಕಷ್ಟೇ, ಆದರೆ ಮೂಗಿನ ಮೇಲಿನ ಚರ್ಮದ ಕ್ಯಾನ್ಸರನ್ನು ತೆಗೆಸಿಕೊಂಡಿದ್ದರು. ಅದರಿಂದಲೇ ಒಪ್ಪಿದರು ಎಂದು ನಾನು ಹೇಳುವುದಿಲ್ಲ, ಒಪ್ಪಿದ್ದಂತೂ ನಿಜ. ಈ ಗ್ಯಾಸಿನ ಅತಿ ದೊಡ್ಡ ತಯಾರಕ ಡ್ಯೂಪಾಂಟ್ ವರ್ಷಗಟ್ಟಲೆ ತಕರಾರು ತೆಗೆದು, 1988ರಲ್ಲಿ ತಾನೇ ನಿಲ್ಲಿಸುತ್ತೇನೆಂದಿತು. ಬದಲಿ ಗ್ಯಾಸಿನಲ್ಲೂ ಕಾಸಿದೆ ಎಂದು ಅಷ್ಟರಲ್ಲಿ ಅದಕ್ಕೆ ಗೊತ್ತಾಗಿತ್ತು. ನಾವೂ ಸುಮ್ಮನೆ ತಲೆಯಾಡಿಸಿದವರಲ್ಲ. ತೂತು ಮಾಡಿದವರು ನೀವು, ಹೊಲಿಗೆಯ ಖರ್ಚು ನಮ್ಮದೇಕೆ ಎಂಬುದು ಭಾರತ, ಚೀನಾಗಳ ವಾದ. ಆಗ ಪರಿಸರ ಖಾತೆಯ ಸಚಿವೆಯಾಗಿದ್ದ ಮೇನಕಾ ಗಾಂಧಿ 1990ರ ಲಂಡನ್ ಸಭೆಯಲ್ಲಿ ಅದಕ್ಕೇ ಪಟ್ಟು ಹಿಡಿದರು. ಶ್ರೀಮಂತ ದೇಶಗಳು ದುಡ್ಡು ಹಾಕುವ ನಿಧಿಯೊಂದು ಹುಟ್ಟಿತು, 1992ರಲ್ಲಿ ನಾವು ಸೇರಿದೆವು. ಮೊದಲ ದಿನ ಸಹಿ ಹಾಕಿದ್ದು 24 ದೇಶಗಳು. ಇವತ್ತು ಸದಸ್ಯರು 198. ಭೂಮಿಯ ಮೇಲೆ ಅಷ್ಟು ಮಂದಿ ಒಪ್ಪಿದ ಇನ್ನೊಂದು ವಿಷಯವನ್ನು ಮೇಷ್ಟ್ರಿಗೂ ಹೇಳಲಾಗಲಿಲ್ಲ.

ಸ್ವಾರ್ಥ, ಚೌಕಾಸಿ, ಭಯ, ಲಾಭ ಎಲ್ಲ ಬೆರೆತೇ ಆದ ಕೆಲಸ ಇದು. ನನಗೆ ಅದೇ ಸಮಾಧಾನ. ಮನುಷ್ಯ ಒಳ್ಳೆಯವನಾಗುವವರೆಗೆ ಕಾಯಬೇಕಾಗಿದ್ದರೆ ಮೇಷ್ಟ್ರು ಹೇಳಿದ್ದೇ ಗತಿ. ಇದ್ದ ಹಾಗೆಯೇ ಇದ್ದುಕೊಂಡು, ಗೊಣಗಿಕೊಂಡು ಮಾಡಿದರೂ ಕೆಲಸ ಆಗುತ್ತದೆ ಎಂದಾಯಿತಲ್ಲ.

"ಕದಿಯೋರು ಇರಲಿಲ್ವಾ?" ಮೇಷ್ಟ್ರು ಕೊನೆಯ ಬಾಣ ತೆಗೆದರು.

ಇದ್ದರು. 1990ರ ದಶಕದಲ್ಲಿ ಮಿಯಾಮಿಯ ಬಂದರಿನಲ್ಲಿ ಕೊಕೇನ್ ಬಿಟ್ಟರೆ ಅತಿ ಹೆಚ್ಚು ಬೆಲೆಯ ಕಳ್ಳಮಾಲು ಇದೇ ಎಂಬ ಮಾತಿತ್ತು. 2018ರಲ್ಲಂತೂ, ಲೋಕವೆಲ್ಲ ನಿಲ್ಲಿಸಿದೆ ಎಂದುಕೊಂಡಿದ್ದ, 12ರ ದಾಯಾದಿಯಾದ ಸಿಎಫ್‌ಸಿ–11 ಮತ್ತೆ ಗಾಳಿಗೆ ಸೇರುತ್ತಿದೆ ಎಂದು ಅಮೆರಿಕದ ಸ್ಟೀಫನ್ ಮೊಂಟ್ಸ್‌ಕಾ ಮತ್ತು ಸಂಗಡಿಗರು ಸಾರಿದರು. ಗಾಳಿಯಲ್ಲಿ ಅದು ಇಳಿಯಬೇಕಾದ ವೇಗದಲ್ಲಿ ಇಳಿಯುತ್ತಿಲ್ಲ, ಅಷ್ಟೇ ಸುಳಿವು. ಕೊರಿಯಾ ಮತ್ತು ಜಪಾನಿನ ದ್ವೀಪಗಳಲ್ಲಿದ್ದ ಅಳತೆಯ ಠಾಣೆಗಳು ಗಾಳಿಯ ಜಾಡು ಹಿಡಿದು, ದೊಡ್ಡ ಪಾಲು ಬರುತ್ತಿರುವುದು ಪೂರ್ವ ಚೀನಾದಿಂದ, ಶಾಂಡೊಂಗ್, ಹೆಬೈ ಪ್ರಾಂತ್ಯಗಳ ಸುತ್ತಿನಿಂದ ಎಂದು 2019ರಲ್ಲಿ ಬೆರಳು ತೋರಿಸಿದವು. ಫೋಮ್ ತಯಾರಿಸುವವರ ಕೈವಾಡವೆಂಬ ಗುಮಾನಿ. ಚೀನಾ ಸರ್ಕಾರ ದಾಳಿ ಮಾಡಿಸಿತು. ಎರಡು ವರ್ಷದೊಳಗೆ ಅಂಕಿ ಮತ್ತೆ ಇಳಿಯಿತು. ಬಣ್ಣವಿಲ್ಲದ, ವಾಸನೆಯಿಲ್ಲದ ಗಾಳಿಯ ಕಳ್ಳನನ್ನು ಸಮುದ್ರದಾಚೆ ಕುಳಿತು ಹಿಡಿದರು ಎಂದಾಗ ಮೇಷ್ಟ್ರು ಮೊದಲ ಸಲ "ಭೇಷ್" ಎಂದರು. ಕೂಡಲೇ ನಾಲಗೆ ಕಚ್ಚಿಕೊಂಡರು.

"ಹಾಗಾದ್ರೆ ತೂತು ಮುಚ್ಚಿತಾ?"

ಇಲ್ಲ. ಹಳೇ ಗ್ಯಾಸು ಇನ್ನೂ ಮೇಲೇ ಇದೆ. 12 ಒಮ್ಮೆ ಹೊರಬಿದ್ದರೆ ಸುಮಾರು ನೂರು ವರ್ಷ ಬಾಳುವ ಗಟ್ಟಿ ಜೀವ. ರಿಪೇರಿಯವರು ತಮ್ಮ ಕಾಲದಲ್ಲಿ ಪೈಪು ಕತ್ತರಿಸಿ ಬುಸ್ಸೆಂದು ಬಿಟ್ಟದ್ದೆಲ್ಲ ಅಲ್ಲೇ ತಿರುಗುತ್ತಿದೆ. ("ಆಗ ಯಾರಿಗೆ ಗೊತ್ತಿತ್ತಮ್ಮ" ಎಂದರು ಅವರು.) 2023ರ ಆರಂಭದಲ್ಲಿ ವಿಶ್ವಸಂಸ್ಥೆ ಹೊರತಂದ ಅಂದಾಜಿನ ಪ್ರಕಾರ, ಈಗಿನ ಹಾಗೆಯೇ ನಡೆದರೆ ಓಝೋನ್ ಪದರ ಲೋಕದ ಹೆಚ್ಚಿನ ಕಡೆ 2040ರ ಸುಮಾರಿಗೆ, ಅಂಟಾರ್ಕ್ಟಿಕದ ಮೇಲೆ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುತ್ತದೆ.

"2066!" ಮೇಷ್ಟ್ರು ಬೆರಳು ಮಡಚಿದರು. "ನನ್ನ ಮೊಮ್ಮಗಳಿಗೆ ಆಗ ರಿಟೈರ್‌ಮೆಂಟ್ ಹತ್ತಿರ ಬಂದಿರುತ್ತೆ." ಮೇಷ್ಟ್ರ ಬಾಯಲ್ಲಿ ಮುಂದಿನ ಇಸವಿಯೊಂದು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅಷ್ಟಕ್ಕೇ ಸೋಲುವ ಪೈಕಿಯಲ್ಲ ಅವರು. 134ಎ ಓಝೋನಿಗೆ ಏನೂ ಮಾಡದು, ಭೂಮಿಯನ್ನು ಮಾತ್ರ ಜೋರಾಗಿ ಬಿಸಿ ಮಾಡುತ್ತದೆ ಎಂಬುದನ್ನು ನನ್ನಿಂದಲೇ ಹೊರಡಿಸಿದರು. ಅದಕ್ಕೆ ಲಗಾಮು ಹಾಕಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಅದೇ ಒಪ್ಪಂದಕ್ಕೆ ತಿದ್ದುಪಡಿ ತರಬೇಕಾಯಿತು, ನಾವು ಅದನ್ನು ಅಂಗೀಕರಿಸಿದ್ದು 2021ರಲ್ಲಿ. ನಮ್ಮ ಬೇಸಿಗೆಗೆ ಮನೆಮನೆಗೂ ಎಸಿ ಬರುತ್ತಿರುವಾಗ ಅದರ ನಿಜವಾದ ಪರೀಕ್ಷೆ ಇನ್ನು ಮುಂದೆಯೇ. ಈ 600ಎ ಫ್ರಿಜ್ಜು ಜನರ ಮುಂದೆ ಬಂದದ್ದಾದರೂ 1990ರ ದಶಕದ ಮೊದಲಲ್ಲಿ, ಬಾಗಿಲು ಹಾಕುವ ಸ್ಥಿತಿಯಲ್ಲಿದ್ದ ಹಳೇ ಪೂರ್ವ ಜರ್ಮನಿಯ ಕಾರ್ಖಾನೆಯೊಂದು ಗ್ರೀನ್‌ಪೀಸ್ ಜೊತೆ ಕೈ ಜೋಡಿಸಿದ್ದರಿಂದ. ದೊಡ್ಡ ಕಂಪನಿಗಳು ಆಗ ಇದನ್ನು ಬಾಂಬು ಎಂದು ಹೆದರಿಸಿದವು.

"ನಾನೂ ಈಗ ಹಾಗೇ ಅಂದೆ" ಎಂದರು ಮೇಷ್ಟ್ರು, ಪ್ರಾಮಾಣಿಕರು.

ರಿಪೇರಿಯವರು ಅಷ್ಟರಲ್ಲಿ ಸೋರುವ ಜಾಗ ಹುಡುಕಿ ಸರಿಮಾಡಿ, ವ್ಯಾಕ್ಯೂಮ್ ಹೊಡೆದು, ಪುಟ್ಟ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಗ್ರಾಂ ಲೆಕ್ಕದಲ್ಲಿ ಗ್ಯಾಸು ಬಿಟ್ಟಿದ್ದರು. ಹಳೇ ಕಾಲದಲ್ಲಿ ಪೈಪು ಮುಟ್ಟಿ ತಣ್ಣಗಾದರೆ ಸಾಕಿತ್ತಂತೆ, ಈಗ ಹತ್ತು ಗ್ರಾಂ ಹೆಚ್ಚಾದರೂ ತಕರಾರು. ಮಗನನ್ನು ಹೊಸ ಗ್ಯಾಸುಗಳ ತರಬೇತಿಗೆ ಕಳಿಸಿದ್ದಾರಂತೆ. ಎಸಿಗೆ ಈಗ 32, ನಾಳೆ ಇನ್ಯಾವುದೋ.

ಮೇಷ್ಟ್ರು ದುಡ್ಡು ಎಣಿಸಿ ಕೊಡುತ್ತ ಕೇಳಿದರು: "ಅಲ್ಲಪ್ಪಾ, ಈ 600ಎಯಲ್ಲೂ ಏನೋ ಒಂದು ಐಬು ಇದೆ ಅಂತ ಇನ್ನು ಎಷ್ಟು ವರ್ಷಕ್ಕೆ ಕಂಡುಹಿಡೀತಾರೆ?"

"ಕಂಡುಹಿಡೀಲಿ ಬಿಡಿ ಸಾರ್," ಎಂದರು ಅವರು, ಟೂಲ್ ಬ್ಯಾಗಿನ ಜಿಪ್ಪು ಎಳೆಯುತ್ತ. "ನನ್ನ ಮಗನಿಗೂ ಕೆಲಸ ಬೇಕಲ್ಲ."