ಕಪ್ಪು ಪರದೆಯ ಬೀಗರು
ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ಹಾಕುವುದೆಂದರೆ ಬೀಗರನ್ನು ಉಪಚರಿಸಿದ ಹಾಗೆ. ನಿನ್ನೆ ನಕ್ಕವರು ಇಂದು ಮುಖ ಕಪ್ಪಿಟ್ಟುಕೊಂಡಿರುತ್ತಾರೆ. ಲಿನಕ್ಸಿನ ತಿರುಳಾದ ಕರ್ನಲ್ ಅಪ್‌ಡೇಟ್ ಆಯಿತು, ಎನ್‌ವಿಡಿಯಾ ಡ್ರೈವರ್‌ನ ಮಾಡ್ಯೂಲ್ ಹೊಂದಲಿಲ್ಲ, ಕಪ್ಪು ಪರದೆಯ ಮೂಲೆಯಲ್ಲಿ ಒಂದು ಅಡ್ಡಗೆರೆ ಮಿಟುಕುತ್ತಿದೆ. ಆದರೆ ಬೈಗುಳವೆಲ್ಲ ಲಿನಕ್ಸಿಗೇಕೆ? ಎಎಂಡಿ, ಇಂಟೆಲ್ ಡ್ರೈವರ್‌ಗಳು ಕರ್ನಲ್ಲಿನೊಳಗೇ ಮನೆಮಕ್ಕಳಂತೆ ಬೆಳೆಯುತ್ತವೆ; ಹೊರಗಿನಿಂದ ಬಂದ ಮಾಡ್ಯೂಲಿಗೆ ಮಾತ್ರ ಪ್ರತಿ ಕರ್ನಲ್ಲಿಗೂ ಹೊಸ ಅಂಗಿ ಹೊಲಿಸಬೇಕು. ‘ವಿಂಡೋಸ್‌ನಲ್ಲಿ ಈ ರಗಳೆಯಿಲ್ಲವಲ್ಲ’ ಎನ್ನುವಿರಿ. ಅಲ್ಲಿ ಅಳತೆ ಅಷ್ಟು ಬೇಗ ಬದಲಾಗದು, ಒಪ್ಪಿದೆ. ಲಿನಕ್ಸ್ ತನ್ನ ಒಳ ಅಳತೆ ಸ್ಥಿರವೆಂದು ಭಾಷೆ ಕೊಟ್ಟೇ ಇಲ್ಲ. ಆದರೆ ಎನ್‌ವಿಡಿಯಾ ಮೂಲ ಸಂಕೇತವೆಂಬ ಬಟ್ಟೆಯನ್ನೇ ಬಚ್ಚಿಟ್ಟರೆ ದರ್ಜಿ ಏನು ಮಾಡಿಯಾನು? 2012ರಲ್ಲಿ ಫಿನ್‌ಲೆಂಡಿನ ವೇದಿಕೆಯಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಎನ್‌ವಿಡಿಯಾಗೆ ಬೆರಳು ತೋರಿಸಿದರು (ಯಾವ ಬೆರಳೆಂದು ಕೇಳಬೇಡಿ). 2022ರಲ್ಲಿ ಕಂಪನಿ ಕರ್ನಲ್ ಮಾಡ್ಯೂಲಿನ ಮೂಲವನ್ನು ಬಿಚ್ಚಿಟ್ಟಿತು. ಅದರ ಮೇಲೆ ಕೂರುವ ಓಪನ್‌ಜಿಎಲ್ ಭಾಗ ಮಾತ್ರ ಕಬ್ಬಿಣದ ಪೆಟ್ಟಿಗೆಯಲ್ಲೇ ಉಳಿಯಿತು.