ಹದಿನಾರೇಳ್ಲಿ ನೂರಹನ್ನೆರಡು

ಮನೆಯ ಕಂಪ್ಯೂಟರು ಕೆಟ್ಟರೆ ರಿಪೇರಿಗೆ ಕೊಡಬಹುದು. ಕೆಡದೆ, ಹೇಳಿದ್ದೆಲ್ಲ ಮಾಡಿಕೊಡುತ್ತ, ಅಪ್‌ಡೇಟ್ ಒಂದನ್ನು ಮಾತ್ರ ಒಲ್ಲೆ ಎನ್ನುವ ಕಂಪ್ಯೂಟರನ್ನು ಏನು ಮಾಡುವುದು? ಅಂಗಡಿಯವನ ಮುಂದಿಟ್ಟರೆ ‘ಚೆನ್ನಾಗೇ ಇದೆಯಲ್ಲ ಸಾರ್’ ಎನ್ನುತ್ತಾನೆ. ಚೆನ್ನಾಗಿದೆ, ನಿಜ. ಕರೆಂಟ್ ಬಿಲ್ಲು ಕಟ್ಟುತ್ತದೆ, ಪಂಚಾಂಗ ತೋರಿಸುತ್ತದೆ, ಪಿ. ಕಾಳಿಂಗರಾಯರ ಹಾಡು ಹಾಕಿದರೆ ಹಾಡುತ್ತದೆ. ರಾತ್ರಿ ಮುಚ್ಚಿ ಮಲಗೋಣ ಎಂದಾಗ ಮಾತ್ರ ಪರದೆಯ ಮೇಲೆ ಬಿಳಿ ಚುಕ್ಕಿಗಳು ಗಿರಗಿರ ಸುತ್ತಲು ಶುರು. ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ. ಶೇಕಡಾ ಹತ್ತು, ಇಪ್ಪತ್ತು, ಮೂವತ್ತು. ಮೂವತ್ತೈದಕ್ಕೆ ಬಂದು ಕೂತರೆ ಏಳುವ ಲಕ್ಷಣವಿಲ್ಲ. ಹೆಂಡತಿ ಹಾಲಿಗೆ ಹೆಪ್ಪು ಹಾಕಿ, ಬಾಗಿಲ ಚಿಲಕ ನೋಡಿ ಬಂದು ‘ರೀ, ಎಷ್ಟಕ್ಕೆ ಬಂತು?’ ಎಂದು ಕೇಳುವಾಗ ಅವಳ ದನಿಯಲ್ಲಿ ಜ್ವರದವರ ಪಕ್ಕ ಕೂತವರನ್ನು ವಿಚಾರಿಸುವ ಮೃದುತನವಿರುತ್ತದೆ. ಆಮೇಲೆ ಅದೇ ಪರದೆ, ಪೂರ್ತಿ ಮಾಡಲಾಗಲಿಲ್ಲ, ಮಾಡಿದ್ದನ್ನೆಲ್ಲ ರದ್ದು ಮಾಡುತ್ತಿದ್ದೇವೆ ಎನ್ನುತ್ತದೆ. ರದ್ದು ಮಾಡುವುದಕ್ಕೂ ಅಷ್ಟೇ ಹೊತ್ತು.

ನಮ್ಮ ಅತ್ತೆಯವರ ಪ್ರಕಾರ ಇದೆಲ್ಲ ವಾರದೋಷ. ಮೈಕ್ರೋಸಾಫ್ಟ್‌ನವರು 2003ರ ಅಕ್ಟೋಬರ್‌ನಿಂದ ತಿಂಗಳ ಎರಡನೇ ಮಂಗಳವಾರವನ್ನೇ ಈ ಕೆಲಸಕ್ಕೆ ಗೊತ್ತು ಮಾಡಿಕೊಂಡಿದ್ದಾರೆ ಎಂದು ನಾನೇ ಒಮ್ಮೆ ಬಾಯಿ ಬಿಟ್ಟಿದ್ದೆ. ಮಂಗಳವಾರ ಉಗುರು ಕೂಡ ತೆಗೆಯದ ಮನೆತನದವರು ಅವರು. ‘ಅಲ್ಲಿ ಬೆಳಗ್ಗೆ ಹತ್ತಕ್ಕೆ ಬಿಟ್ಟರೆ ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ, ನಮ್ಮ ಕಂಪ್ಯೂಟರಿಗೆ ಅದು ಸಿಗುವುದು ಬುಧವಾರವೇ’ ಎಂದು ಸಮಾಧಾನ ಹೇಳಿದೆ. ‘ಹೊರಟಿದ್ದು ಮಂಗಳವಾರ ತಾನೆ?’ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಬೇಡವೆಂದಾದರೆ ಬಿಟ್ಟುಬಿಡಬಹುದಲ್ಲ ಎನ್ನುವವರಿದ್ದಾರೆ. ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಮುಂದೆ ಈ ಮಾತು ಎತ್ತುವಂತಿಲ್ಲ. ಎತ್ತಿದರೆ 2017ರ ವನ್ನಾಕ್ರೈ ಕಥೆ ಶುರು ಮಾಡುತ್ತಾನೆ. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಹಾಕಿಕೊಳ್ಳದವರ ಕಂಪ್ಯೂಟರುಗಳಿಗೆ ಮೇ 12ರಂದು ಬೀಗ ಬಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ಸುಮಾರು 150 ದೇಶಗಳಲ್ಲಿ ಪರದೆಯ ಮೇಲೆ ಒತ್ತೆಹಣದ ಬೇಡಿಕೆ. ನನ್ನ ಕಂಪ್ಯೂಟರಿನಲ್ಲಿ ಒತ್ತೆ ಇಟ್ಟುಕೊಳ್ಳುವಂಥದ್ದು ಬಡಾವಣೆ ಸಂಘದ ಲೆಕ್ಕಪತ್ರ ಬಿಟ್ಟರೆ ಏನೂ ಇಲ್ಲ. ಆದರೂ ಆ ಕಥೆ ಕೇಳಿದ ಮೇಲೆ ಅಪ್‌ಡೇಟ್ ಬೇಡ ಎನ್ನುವ ಧೈರ್ಯ ಬರುವುದಿಲ್ಲ.

ಅವನಿಗೆ ಫೋನು ಮಾಡಿದರೆ ಮೊದಲ ಪ್ರಶ್ನೆ ‘ಮಾವ, ರಿಸ್ಟಾರ್ಟ್ ಮಾಡಿ ನೋಡಿದ್ರಾ?’. ಲಕ್ಷಗಟ್ಟಲೆ ಸಂಬಳ ಎಣಿಸುವವರ ಮೊದಲ ಮದ್ದೂ ಇದೇ ಎಂದು ತಿಳಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಅದು ನಾಟದಿದ್ದರೆ ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸುತ್ತಾನೆ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು, ಖಾಲಿ ಜಾಗವನ್ನೂ ಬಿಡದಂತೆ ಅದನ್ನು ಟೈಪು ಮಾಡಬೇಕು. ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಎಂದರೆ ವಿಂಡೋಸ್ ತನ್ನ ಕಡತಗಳನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ‘ಡಿಸ್ಮ್’ ಎನ್ನುವ ಇನ್ನೊಂದಿದೆ. ಅದು ನಡುದಾರಿಯಲ್ಲಿ ಒಂದೇ ಅಂಕಿಯ ಮೇಲೆ ನಿಂತುಬಿಡುತ್ತದೆ. ನಿಂತಾಗ ಎಬ್ಬಿಸಬಾರದು, ಕಾಯಬೇಕು ಎಂಬುದು ಶಾಸ್ತ್ರ. ಇನ್ನೂ ಆಗದಿದ್ದರೆ ಅಪ್‌ಡೇಟ್ ಸೇವೆಯನ್ನು ನಿಲ್ಲಿಸಿ, ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಎಂಬ ಫೋಲ್ಡರಿನ ಹೆಸರಿನ ಮುಂದೆ ‘ಓಲ್ಡ್’ ಎಂದು ಸೇರಿಸಬೇಕು. ಅರ್ಧಂಬರ್ಧ ಇಳಿಸಿಕೊಂಡಿದ್ದ ಹಳೆಯ ಕಂತೆಯನ್ನು ವಿಂಡೋಸ್ ಅಲ್ಲಿಗೆ ಕೈಬಿಟ್ಟು ಹೊಸದಾಗಿ ಇಳಿಸಿಕೊಳ್ಳುತ್ತದೆ. ಹೆಸರು ಬದಲಿಸಿದರೆ ಗ್ರಹಚಾರ ತಿರುಗುತ್ತದೆ ಎನ್ನುವ ಸಂಖ್ಯಾಶಾಸ್ತ್ರಿಗಳ ಮಾತು ನಿಜವಾಗುವುದನ್ನು ನಾನು ಕಂಡದ್ದು ಇಲ್ಲಿ ಮಾತ್ರ.

ಇಷ್ಟೆಲ್ಲ ಮಾಡುವಾಗ ಯಾರೂ ಓದದ ವಸ್ತುವೊಂದು ಪರದೆಯ ಮೇಲೆಯೇ ಇರುತ್ತದೆ. ಅದು ದೋಷಸಂಖ್ಯೆ. ನಮ್ಮ ಮನೆಯಲ್ಲಿ ಬರುತ್ತಿದ್ದುದು ಹೀಗೆ: ಒಂದು ಸೊನ್ನೆ, ಪಕ್ಕದಲ್ಲಿ ಎಕ್ಸ್, ಆಮೇಲೆ 80070070. ಇದೇನು ಗ್ಯಾಸ್ ಬುಕಿಂಗ್ ನಂಬರೇ ಎಂದು ಅಳಿಯನನ್ನು ಕೇಳಿದ್ದಕ್ಕೆ ಅವನು ಬಿಡಿಸಿ ಹೇಳಿದ. ಮೊದಲ 8 ಎಂದರೆ ಕೆಲಸ ಕೆಟ್ಟಿದೆ ಎಂದು. ನಡುವಿನ 7 ಎಂದರೆ ಇದು ವಿಂಡೋಸ್‌ನ ಮೂಲ ದೋಷಪಟ್ಟಿಯಲ್ಲಿದೆ ಎಂದು. ಕೊನೆಯ ನಾಲ್ಕು ಅಂಕಿ ಆ ಪಟ್ಟಿಯ ಕ್ರಮಸಂಖ್ಯೆ. ಆದರೆ ಅದನ್ನು ಹತ್ತರ ಲೆಕ್ಕದಲ್ಲಲ್ಲ, ಹದಿನಾರರ ಲೆಕ್ಕದಲ್ಲಿ ಓದಬೇಕು. 70 ಎಂದರೆ ಏಳು ಹದಿನಾರು.

‘ಹದಿನಾರೇಳ್ಲಿ ನೂರಹನ್ನೆರಡು’ ಎಂದು ಅವನು ಕ್ಯಾಲ್ಕುಲೇಟರ್ ಒತ್ತುವ ಮೊದಲೇ ನನ್ನ ಬಾಯಿಂದ ಬಂತು. ಪ್ರೈಮರಿ ಶಾಲೆಯಲ್ಲಿ ಬೆತ್ತದ ಭಯಕ್ಕೆ ಕಲಿತ ಹದಿನಾರರ ಮಗ್ಗಿ ಜೀವಮಾನದಲ್ಲಿ ತೂಕಕ್ಕೂ ಬಂದಿರಲಿಲ್ಲ, ದುಡ್ಡಿಗೂ ಬಂದಿರಲಿಲ್ಲ. ಕಪ್ಪು ಕಿಟಕಿಯಲ್ಲಿ ‘ನೆಟ್ ಹೆಲ್ಪ್‌ಎಂಎಸ್‌ಜಿ 112’ ಎಂದು ಬರೆದು ಎಂಟರ್ ಒತ್ತಿದರೆ ಉತ್ತರ ನೆಟ್ಟಗೆ ಬಂತು: ಡಿಸ್ಕಿನಲ್ಲಿ ಸಾಕಷ್ಟು ಜಾಗ ಇಲ್ಲ. ಇಷ್ಟೇ! ಕಂಪ್ಯೂಟರು ಮೊದಲ ದಿನದಿಂದಲೂ ಇದನ್ನೇ ಹೇಳುತ್ತಿತ್ತು. ಹೇಳುತ್ತಿದ್ದುದು ನನಗಲ್ಲ, ಎಲ್ಲೋ ಕೂತ ಯಾವನೋ ಎಂಜಿನಿಯರಿಗೆ.

ಜಾಗ ಎಲ್ಲಿ ಹೋಯಿತು ಎಂದು ನೋಡಿದರೆ ಸಿ ಡ್ರೈವ್ ತುಂಬಿ ಕೆಂಪಾಗಿತ್ತು, ಡಿ ಡ್ರೈವ್ ಖಾಲಿ ಬಿದ್ದಿತ್ತು. ಡೆಸ್ಕ್‌ಟಾಪಿನ ಮೇಲೆ ಇಟ್ಟದ್ದೆಲ್ಲ ಸಿ ಡ್ರೈವಿನ ಖಾತೆಗೇ ಹೋಗುತ್ತದೆ, ಮತ್ತು ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲವನ್ನೂ ಇಡುವುದು ಡೆಸ್ಕ್‌ಟಾಪಿನ ಮೇಲೆಯೇ. ಅಲ್ಲಿ ನಾದಿನಿಯ ಮನೆ ಗೃಹಪ್ರವೇಶದ ವಿಡಿಯೋ ಮೂರು ಕಡೆ ಸಿಕ್ಕಿತು. ಅದರಲ್ಲಿ ಅರ್ಧ ಗಂಟೆ ಊಟದ ಪಂಕ್ತಿ. ಒಬ್ಬೊಬ್ಬರ ಬಾಯಿಗೂ ಹೋಳಿಗೆ ಹೋಗುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾದ ದೀಪ ಮುಖಕ್ಕೆ ಬೀಳುತ್ತದೆ, ಅವರು ಹೋಳಿಗೆ ಎಲೆಗೆ ಇಳಿಸಿ ನಗುತ್ತಾರೆ. ಇದನ್ನು ಯಾರೂ ನೋಡುವುದಿಲ್ಲ, ಅಳಿಸುತ್ತೇನೆ ಎಂದರೆ ಯಾರೂ ಬಿಡುವುದಿಲ್ಲ. ಒಂದು ಪ್ರತಿ ಉಳಿಸಿ, ಡಿ ಡ್ರೈವಿಗೆ ಸಾಗಿಸಿ, ಬಾಕಿ ಎರಡನ್ನು ಮನೆಯವರೆಲ್ಲ ಮಲಗಿದ ಮೇಲೆ ತೆಗೆದುಹಾಕಿದೆ. ಆ ರಾತ್ರಿ ಅಪ್‌ಡೇಟ್ ಮೂವತ್ತೈದನ್ನು ದಾಟಿತು.

ಸಂಖ್ಯೆ ಓದಲು ಬಂದರೆ ಸಾಕು ಎಂದುಕೊಂಡಿದ್ದೆ. ಅದೂ ಪೂರ್ತಿ ನಿಜವಲ್ಲ. 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಬಂದ ಕೆಬಿ 5034441 ಎಂಬ ಅಪ್‌ಡೇಟ್ ಜಗತ್ತಿನ ಎಷ್ಟೋ ಮನೆಗಳಲ್ಲಿ 80070643 ಎಂದು ಬಿದ್ದುಹೋಯಿತು. ಮಗ್ಗಿ ಹಿಡಿದು ಬಿಡಿಸಿದರೆ ಇದು 1603, ಅಂದರೆ ಇನ್‌ಸ್ಟಾಲ್ ಮಾಡುವಾಗ ಭಾರೀ ದೋಷ. ಇನ್‌ಸ್ಟಾಲ್ ಏಕೆ ಆಗಲಿಲ್ಲ ಎಂದರೆ ಇನ್‌ಸ್ಟಾಲ್ ಆಗಲಿಲ್ಲವಾದ್ದರಿಂದ! ಅಸಲು ಕಾರಣ ಇಲ್ಲೂ ಜಾಗವೇ: ರಿಕವರಿಗೆಂದು ಮೀಸಲಿಟ್ಟ ಚಿಕ್ಕ ವಿಭಾಗದಲ್ಲಿ 250 ಎಂಬಿ ಖಾಲಿ ಬೇಕಿತ್ತು. ತೋರಿಸಬೇಕಾದ ಸಂಖ್ಯೆಯ ಬದಲು ಬೇರೆಯದು ಬರುತ್ತಿದೆ ಎಂದು ಮೈಕ್ರೋಸಾಫ್ಟೇ ಒಪ್ಪಿಕೊಂಡಿತು. ವಿಭಾಗವನ್ನು ನಿಮ್ಮ ಕೈಯಾರೆ ಅಳಿಸಿ ದೊಡ್ಡದಾಗಿ ಮಾಡಿಕೊಳ್ಳಿ ಎಂದು ಉದ್ದದ ಕಮಾಂಡುಗಳ ಪಟ್ಟಿಯನ್ನೂ ಕೊಟ್ಟಿತು. ಆ ಅಪ್‌ಡೇಟ್ ಬಂದದ್ದು ಬಿಟ್‌ಲಾಕರ್ ಎಂಬ ಬೀಗದ ದೋಷ ಸರಿಪಡಿಸಲು. ಬಿಟ್‌ಲಾಕರ್ ಹಾಕದವರ ಕಂಪ್ಯೂಟರಿಗೂ ಅದು ಬಂತು, ಬಂದು ಬಿದ್ದಿತು.

ಈ ವಿದ್ಯೆ ಬಡಾವಣೆಯಲ್ಲಿ ಹೇಗೋ ಗೊತ್ತಾಗಿ ಈಗ ನನ್ನನ್ನೂ ಕರೆಯುತ್ತಾರೆ. ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರ ಕಂಪ್ಯೂಟರು ದಿನಾ ಬೆಳಗ್ಗೆ ಜನವರಿ ಒಂದಕ್ಕೇ ಏಳುತ್ತಿತ್ತು, ಅದೂ ಎಷ್ಟೋ ವರ್ಷ ಹಿಂದಿನದು. ಅಂಥ ತಾರೀಖಿನಲ್ಲಿ ಅಪ್‌ಡೇಟ್ ಕಳಿಸುವ ಸರ್ವರಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇರುವುದಿಲ್ಲ. ಕಂಪ್ಯೂಟರು ಅದನ್ನು ನಂಬದೆ ಬಾಗಿಲು ಹಾಕಿಕೊಳ್ಳುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಧೂಳು ಊದಿ, ಮದರ್‌ಬೋರ್ಡಿನ ಮೇಲಿನ ಗುಂಡನೆಯ ಸೆಲ್ಲಿನ ಕೊಕ್ಕೆಯನ್ನು ಉಗುರಿನಿಂದ ಒತ್ತಿದರೆ ಅದು ಟಪಕ್ಕನೆ ಮೇಲೆದ್ದಿತು. ಸಿಆರ್ 2032. ಇಪ್ಪತ್ತು ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ; ಹೆಸರಲ್ಲೇ ಅಳತೆ. ವಾಚ್ ರಿಪೇರಿಯವನ ಹತ್ತಿರ ಸಿಕ್ಕಿತು. ‘ಇಷ್ಟಕ್ಕೆ ಇಷ್ಟು ದಿನ ತಿಣುಕಿದ್ವೇನ್ರೀ?’ ಎಂದರು ಮೇಷ್ಟ್ರು, ಕಾಫಿ ಕೊಡುತ್ತ.

ಈಗ ಜಗಳ ತಿರುವುಮುರುವಾಗಿದೆ. 2015ರಲ್ಲಿ ಬಂದ ವಿಂಡೋಸ್ 10ರ ಕಾಲಾವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು (ಅದೂ ಮಂಗಳವಾರವೇ, ಅತ್ತೆಯವರಿಗೆ ಹೇಳಿಲ್ಲ). ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತೆಯ ಅಪ್‌ಡೇಟುಗಳು ಸಿಗುತ್ತವೆ, ಅಷ್ಟೇ. ಹನ್ನೊಂದಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು; ನನ್ನ ಕಂಪ್ಯೂಟರಿನಲ್ಲಿ ಅದಿಲ್ಲ. ಇಷ್ಟು ದಿನ ಕಂಪ್ಯೂಟರು ಅಪ್‌ಡೇಟನ್ನು ಒಲ್ಲೆ ಎನ್ನುತ್ತಿತ್ತು, ಈಗ ಅಪ್‌ಡೇಟೇ ಕಂಪ್ಯೂಟರನ್ನು ಒಲ್ಲೆ ಎನ್ನುತ್ತಿದೆ.

‘ಉಬುಂಟು ಹಾಕಿಬಿಡೋಣ ಮಾವ, ದೀಪಾವಳಿಗೆ ಬಂದಾಗ ಪೆನ್‌ಡ್ರೈವ್ ತರ್ತೀನಿ’ ಎಂದ ಅಳಿಯ.

‘ನುಡಿಯಲ್ಲಿ ಟೈಪ್ ಮಾಡಿದ ಹಳೇ ಕಡತಗಳು ಅದರಲ್ಲಿ ಹಾಗೇ ತೆರೀತವಾ?’

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ‘ಎಲ್ಲಾನೂ ಯೂನಿಕೋಡ್‌ಗೆ ಬದಲಾಯಿಸ್ಬೇಕಾಗುತ್ತೆ. ಎಷ್ಟಿವೆ?’

ನಾನು ಎಣಿಸುತ್ತಿರುವಾಗಲೇ ಹೆಂಡತಿ ಫೋನು ಕಿತ್ತುಕೊಂಡಳು. ‘ಅದಿರಲಿ ಕಣೋ, ಬಂದಾಗ ಆ ಪ್ರಿಂಟರನ್ನೂ ಒಂದು ಸಲ ನೋಡು. ಕಪ್ಪು ಹಾಕಿದರೆ ಹಸಿರು ಬರ್ತಿದೆ.’