ತೌಡಿನ ಮಾವ

ಮಳವಳ್ಳಿ ಸೀಮೆಯಲ್ಲಿ ಎರಡನೇ ಹೆರಿಗೆಯಾದ ಮನೆಗೆ ಮೂವರು ತಪ್ಪದೆ ಬರುತ್ತಾರೆ: ಆಶಾ ಕಾರ್ಯಕರ್ತೆ, ಕೂಸಿಗೆ ಎಣ್ಣೆನೀರು ಹಾಕುವ ಅಜ್ಜಿ, ತೌಡಿನ ಮಾವ. ಮೊದಲಿಬ್ಬರಿಂದ ಮನೆಗೆ ಉಪಕಾರವುಂಟು.

ಮಾವ ಮದ್ದೂರಿಂದ ಬಸ್ಸಿಳಿದು ಬರುವಾಗ ಕೈಯಲ್ಲಿ ವಡೆಯ ಪೊಟ್ಟಣ, ಬಾಯಲ್ಲಿ ಎಲೆಅಡಿಕೆ. ತೊಟ್ಟಿಲಿಗೆ ಇಣುಕಿ ಮೂಗು ಯಾರದ್ದೆಂದು ತೀರ್ಪು ಕೊಟ್ಟು, ನೇರ ನಾಲ್ಕು ವರ್ಷದ ಹಿರಿಯವನ ಪಕ್ಕ ಕೂರುತ್ತಾರೆ. "ಏನ್ಲಾ, ಮುಗೀತಲ್ಲ ನಿನ್ ಕತೆ! ನಿನ್ನ ತೌಡು ಕೊಟ್ಟು ತಗಂಡಿದ್ದು ಕಣ್ಲಾ. ಈಗ ಸ್ವಂತ ಮಗ್ಳು ಹುಟ್ಟವ್ಳೆ. ನಿಮ್ಮವ್ವ ಇನ್ನು ನಿನ್ನ ಎತ್ಕಳಕಿಲ್ಲ."

ವಿಶ್ವೇಶ್ವರಯ್ಯ ನಾಲೆಯ ನೀರಿಗೆ ಭತ್ತ, ಭತ್ತಕ್ಕೆ ಗಿರಣಿ, ಗಿರಣಿಯಿಂದ ಕೊಟ್ಟಿಗೆಗೆ ತೌಡು. ಮಂಡ್ಯ ಜಿಲ್ಲೆಯಲ್ಲಿ ಆ ಸರಕಿನ ಬೆಲೆ ಮಕ್ಕಳಿಗೂ ಗೊತ್ತು. ಇದನ್ನು ಬರೆಯುತ್ತಿರುವವನೂ ಎರಡು ಸೇರು ತೌಡಿಗೆ ಬಿಕರಿಯಾದವನೇ. ಮದುವೆಯಾದ ಮೇಲೂ ಮಾವ ಅವನ ಹೆಂಡತಿಯ ಮುಂದೆ ದರ ಹೇಳುವುದನ್ನು ಬಿಟ್ಟಿಲ್ಲ.

ಕಳೆದ ಬೇಸಗೆಯಲ್ಲಿ ಅಕ್ಕನ ಮಗ ಈ ಮಾತು ಕೇಳಿ ಅಳಲಿಲ್ಲ. ಕೊಟ್ಟಿಗೆಗೆ ಹೋಗಿ, ಹಸುವಿನ ಪಾಲಿನ ತೌಡನ್ನು ಹಾಲಿನ ಕ್ಯಾನಿನ ಮುಚ್ಚಳದಲ್ಲಿ ತುಂಬಿಕೊಂಡು, ಹಜಾರದುದ್ದಕ್ಕೂ ಚೆಲ್ಲುತ್ತ ಬಂದು ತೊಟ್ಟಿಲ ಕೆಳಗಿಟ್ಟ. "ತೌಡು ನಾನೇ ಕೊಡ್ತೀನಿ, ಪಾಪುನ ನೀನೇ ತಕಂಡೋಗು" ಅಂದ. ಮಾವ ಬಿದ್ದು ಬಿದ್ದು ನಕ್ಕರು. ಆ ರಾತ್ರಿ ಹುಡುಗ ಹಾಸಿಗೆ ಒದ್ದೆ ಮಾಡಿಕೊಂಡ. ಬೆಳಗ್ಗೆ, ಮುದ್ದೆ ನುಂಗುತ್ತಿದ್ದವನು ಒಳಲೆಯಲ್ಲೇ ಹಾಲು ಬೇಕೆಂದು ಕೂತ. ಅಷ್ಟು ಹೊತ್ತಿಗೆ ಮಾವ ಮದ್ದೂರು ಸೇರಿದ್ದರು.

ವಿಯೆನ್ನಾದ ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ಚೊಚ್ಚಲ ಮಗುವನ್ನು ಪಟ್ಟದಿಂದಿಳಿದ ದೊರೆಯಂತೆ ಕಂಡವರು. ತಾವು ಎರಡನೆಯವರು, ಹೇಳುವುದು ಸುಲಭ. ಸರ್ಕಾರವಾದರೂ ದೊರೆಯ ಕಡೆಗಿದೆಯೇ? ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ, ಎರಡನೆಯದು ಹೆಣ್ಣಾದರೆ 6000. ಹುಡುಗನಿಗೆ ಇನ್ನೂ ಸಾವಿರದ ಲೆಕ್ಕ ಬಾರದಿರುವುದು ಮನೆಯವರ ಪುಣ್ಯ.

ದಾರಿಗೆ ತಂದದ್ದು ಅಜ್ಜಿ. ಕೂಸಿನ ಸ್ನಾನವಾದ ಮೇಲೆ ಯಾವ ಕುಲಾವಿ ಎಂದು ಆರಿಸುವ ಅಧಿಕಾರ ಹುಡುಗನದಾಯಿತು. ಮಧ್ಯಾಹ್ನ ಕೂಸು ಮಲಗಿದಾಗ ಅವ್ವನ ಮಗ್ಗುಲು ಅವನಿಗೇ. ಆ ಹೊತ್ತಿನಲ್ಲಿ ಬಂದ ನೆಂಟರಿಗೆ ಜಗಲಿಯೇ ಗತಿ. ಭಾನುವಾರ ಮಂಡ್ಯದಿಂದ ಬರುವ ಅಪ್ಪ ಮೊದಲು ಅವನನ್ನೆತ್ತಿಕೊಂಡು ಆಮೇಲೆ ತೊಟ್ಟಿಲ ಕಡೆ ಹೋಗಬೇಕು.

ಮಾವನನ್ನು ಪೂರ್ತಿ ಬೈಯಲೂ ಆಗುವುದಿಲ್ಲ. ಬಂದವರೆಲ್ಲ ಕೂಸಿಗೆ ಫ್ರಾಕು, ಸೋಪು, ಪೌಡರು ತಂದರು. ಹಿರಿಯವನಿಗೆಂದೇ ಪೊಟ್ಟಣ ಹಿಡಿದು ಬಂದವರು ಅವರೊಬ್ಬರೇ. ಈರುಳ್ಳಿ ಚೂರು ಆರಿಸಿ ತೆಗೆದು ವಡೆ ತಿನ್ನಿಸಿದರು. ಮುಂದಿನ ಸಲ ಯಾರದ್ದೋ ಸ್ಕೂಟರು ಇಸ್ಕೊಂಡು ಗಗನಚುಕ್ಕಿ ತೋರಿಸಿಕೊಂಡು ಬಂದರು. ಆರು ಮಕ್ಕಳಲ್ಲಿ ಮಾವನೇ ಮೊದಲನೆಯವರು. ತೌಡಿನ ಮಾತನ್ನು ಅವರು ಐದು ಸಲ ಕೇಳಿಸಿಕೊಂಡಿರಬೇಕು.

ಈಗ ಮದ್ದೂರಿನ ಪಕ್ಕದ ಹಳ್ಳಿಯಲ್ಲಿ ಅವರ ಇನ್ನೊಬ್ಬ ಸೋದರಸೊಸೆಗೆ ಏಳು ತಿಂಗಳು. ದೊಡ್ಡ ಮಗಳಿಗೆ ಮೂರು ವರ್ಷ. ಆ ಮನೆಯವರು ತೌಡಿನ ಮೂಟೆಯನ್ನು ಅಟ್ಟಕ್ಕೆ ಏರಿಸಿದ್ದಾರಂತೆ.